ಪುಟ್ಟ ಎಂಜಿನ್ನಿನ ಮೊದಲ ಹತ್ತು ತಾಸು



ಇವತ್ತಿನ ಮಾತು ಒಂದು ಪುಟ್ಟ ಎಂಜಿನ್ನಿನದು. ಚನ್ನಗಿರಿಯ ಅಡಿಕೆ ತೋಟದಲ್ಲಿ ಕಳೆ ಹೊಡೆಯುವುದು ಅದೇ. ಹೊನ್ನಾಳಿ, ನ್ಯಾಮತಿ ಕಡೆ ಗದ್ದೆಯ ಬದು ಸವರುವುದು ಅದೇ. ಜಗಳೂರಿನ ಮೆಕ್ಕೆಜೋಳದ ಹೊಲದಲ್ಲಿ ರೈತನ ಬೆನ್ನ ಮೇಲೆ ಕೂತು ಔಷಧಿ ಹೊಡೆಯುವುದೂ ಅದೇ. ವೀಡ್ ಕಟರ್ ಅನ್ನಿ, ಬ್ರಷ್ ಕಟರ್ ಅನ್ನಿ, ಪವರ್ ಸ್ಪ್ರೇಯರ್ ಅನ್ನಿ. ಒಳಗಿನ ಜೀವ ಹೆಚ್ಚುಕಡಿಮೆ ಒಂದೇ. ಒಂದು ಸಿಲಿಂಡರು, ಒಂದು ಪಿಸ್ಟನ್ನು, ಒಂದು ಪ್ಲಗ್ಗು. ಸುಮಾರು 30ರಿಂದ 50 ಸಿ.ಸಿ. ಅಷ್ಟೆ.

ಈ ಎಂಜಿನ್ನನ್ನು ಹೊಸದರಲ್ಲಿ ಹೇಗೆ ಪಳಗಿಸಬೇಕು? ಆಮೇಲೆ ಅದರ ಕಾರ್ಬೊರೇಟರನ್ನು ಹೇಗೆ ಹದಕ್ಕೆ ತರಬೇಕು? ಇವೆರಡೇ ನನ್ನ ವಿಷಯ. ಬಾನುಲಿಯಲ್ಲಿ ಸ್ಕ್ರೂ ತೋರಿಸಲಾಗದು. ತೋರಿಸುವ ಅಗತ್ಯವೂ ಅಷ್ಟಿಲ್ಲ. ಈ ಕೆಲಸದಲ್ಲಿ ಮುಕ್ಕಾಲು ಪಾಲು ಕಿವಿಯದ್ದು.

ಈ ಯಂತ್ರಗಳು ನಮ್ಮ ಹೊಲಗಳಿಗೆ ಬಂದದ್ದಕ್ಕೆ ಕಾರಣ ನಿಮಗೇ ಗೊತ್ತು. ಕಳೆ ತೆಗೆಯಲು ಆಳು ಸಿಗುವುದಿಲ್ಲ. ಸಿಕ್ಕರೂ ಬೇಕಾದ ದಿನಕ್ಕೆ ಸಿಗುವುದಿಲ್ಲ. ಮೆಕ್ಕೆಜೋಳದವರಿಗೆ ಇನ್ನೊಂದು ಕಾರಣವೂ ಸೇರಿತು. 2018ರ ಮೇ ತಿಂಗಳಲ್ಲಿ ಶಿವಮೊಗ್ಗ ಭಾಗದ ಮೆಕ್ಕೆಜೋಳದಲ್ಲಿ ಫಾಲ್ ಸೈನಿಕ ಹುಳು ಕಂಡಿತು. ದೇಶದಲ್ಲಿ ಅದು ಪತ್ತೆಯಾದದ್ದು ಅದೇ ಮೊದಲು. ನಮ್ಮ ದಾವಣಗೆರೆ ಮೆಕ್ಕೆಜೋಳದ ಜಿಲ್ಲೆ. ಸುಳಿಯೊಳಗೆ ಕೂತು ತಿನ್ನುವ ಹುಳುವಿಗೆ ತಡ ಮಾಡದೆ ಔಷಧಿ ಬೀಳಬೇಕು. ಆ ಎರಡು ಮೂರು ದಿನದಲ್ಲಿ ಎಂಜಿನ್ ಕೈಕೊಟ್ಟರೆ ಬೆಳೆಯೇ ಹೋಗುತ್ತದೆ. ಅದಕ್ಕೇ ಇದು ಬರೀ ಮೆಕ್ಯಾನಿಕರ ವಿಷಯವೆಂದು ನನಗೆ ಅನ್ನಿಸುವುದಿಲ್ಲ. ಇದು ಬೇಸಾಯದ ವಿಷಯ.

ಈಗ ಎಂಜಿನ್ನಿನ ಒಳಗೆ ಹೋಗೋಣ. ಕಣ್ಣು ಮುಚ್ಚಿಕೊಂಡು ಕೇಳಿದರೂ ಸರಿ.

ಇವುಗಳಲ್ಲಿ ಹೆಚ್ಚಿನವು ಟೂ-ಸ್ಟ್ರೋಕ್ ಎಂಜಿನ್ನುಗಳು. 1890ರ ಆಸುಪಾಸಿನಲ್ಲಿ ಇಂಗ್ಲೆಂಡಿನ ಜೋಸೆಫ್ ಡೇ ಎಂಬ ಎಂಜಿನಿಯರ್ ರೂಪಿಸಿದ ವಿಧಾನ ಇದು. ಪಿಸ್ಟನ್ ಮೇಲೆ ಹೋದಾಗ ಅದರ ಕೆಳಗಿನ ಕೋಣೆಗೆ ಗಾಳಿ ಮತ್ತು ಪೆಟ್ರೋಲು ಒಟ್ಟಿಗೆ ಬರುತ್ತವೆ. ಆ ಕೋಣೆಯಲ್ಲೇ ಕ್ರ್ಯಾಂಕು ತಿರುಗುತ್ತದೆ. ಬೇರಿಂಗುಗಳೂ ಅಲ್ಲೇ ಇವೆ. ಪಿಸ್ಟನ್ ಕೆಳಗಿಳಿದಾಗ ಆ ಮಿಶ್ರಣ ಪಕ್ಕದ ಕಿಂಡಿಗಳಿಂದ ಮೇಲೆ ನುಗ್ಗುತ್ತದೆ. ಅಲ್ಲಿ ಉರಿಯುತ್ತದೆ. ವಾಲ್ವು ಇಲ್ಲ, ಎಣ್ಣೆಯ ಪಂಪು ಇಲ್ಲ, ಎಣ್ಣೆ ನಿಲ್ಲುವ ತೊಟ್ಟಿಯೂ ಇಲ್ಲ.

ಹಾಗಾದರೆ ಬೇರಿಂಗಿಗೆ ಎಣ್ಣೆ ಎಲ್ಲಿಂದ? ಪೆಟ್ರೋಲಿನಿಂದ. ಪೆಟ್ರೋಲಿನಲ್ಲಿ ನೀವು ಬೆರೆಸಿದ ಟೂಟಿ ಆಯಿಲ್ಲೇ ಅದರ ಪೂರ್ತಿ ಆಹಾರ. ಪೆಟ್ರೋಲು ಕಡಿಮೆ ಹೋದರೆ ಎಣ್ಣೆಯೂ ಕಡಿಮೆ ಹೋಯಿತು. ಈ ಒಂದು ಮಾತನ್ನು ದಯವಿಟ್ಟು ಹಿಡಿದಿಟ್ಟುಕೊಳ್ಳಿ. ಇವತ್ತು ನಾನು ಹೇಳುವ ಮಿಕ್ಕದ್ದೆಲ್ಲ ಇದರಿಂದಲೇ ಹುಟ್ಟುತ್ತದೆ.

ವಯಸ್ಸಾದವರಿಗೆ ಇದು ಹೊಸದಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಮೋಟರ್ ಸೈಕಲ್ ಮಾಡಿತು. ಅವೂ ಟೂ-ಸ್ಟ್ರೋಕ್ ಗಾಡಿಗಳೇ. ಲೂನಾ, ಟಿವಿಎಸ್ ಫಿಫ್ಟಿ ಕೂಡ. ಬಂಕಿನಲ್ಲಿ ಪೆಟ್ರೋಲಿನ ಜೊತೆ ಎಣ್ಣೆಯನ್ನೂ ಅಳೆದು ಹಾಕಿಸಿದ್ದು ನಿಮಗೆ ನೆನಪಿರಬಹುದು. ಹೊಸ ಗಾಡಿ ತಂದವರು ಮೊದಲ ಕೆಲವು ನೂರು ಕಿಲೋಮೀಟರು ಮೆಲ್ಲಗೆ ಓಡಿಸುತ್ತಿದ್ದರು. ‘ರನ್ನಿಂಗ್ ಇನ್’ ಎಂದು ಗಾಡಿಯ ಹಿಂದೆ ಬರೆಸಿಕೊಂಡವರೂ ಇದ್ದರು. ಆ ಗಾಡಿಗಳು ರಸ್ತೆಯಿಂದ ಮರೆಯಾದವು. ಅದೇ ಎಂಜಿನ್ನು ಸಣ್ಣದಾಗಿ ಹೊಲಕ್ಕೆ ಬಂತು. ಅದನ್ನು ಸಾಕುವ ತಿಳಿವಳಿಕೆ ಮಾತ್ರ ಜೊತೆಯಲ್ಲಿ ಬರಲಿಲ್ಲ.

ಇಷ್ಟು ಕೇಳಿದಿರಿ. ಎಣ್ಣೆ ಪೆಟ್ರೋಲಿನ ಜೊತೆಯೇ ಬರುತ್ತದೆ, ಬೇರೆ ದಾರಿಯಿಲ್ಲ. ಇನ್ನು ಆ ಎಣ್ಣೆಯ ಅಳತೆ ನೋಡೋಣ.

ಮೊದಲು ನಿಮ್ಮ ಯಂತ್ರ ಟೂ-ಸ್ಟ್ರೋಕೋ, ಫೋರ್-ಸ್ಟ್ರೋಕೋ ಖಚಿತ ಮಾಡಿಕೊಳ್ಳಿ. ಈಗ ಫೋರ್-ಸ್ಟ್ರೋಕ್ ಕಟರುಗಳೂ ಸ್ಪ್ರೇಯರುಗಳೂ ಬಂದಿವೆ. ಅವಕ್ಕೆ ಎಣ್ಣೆಯ ಜಾಗ ಬೇರೆ, ಪೆಟ್ರೋಲಿನ ಜಾಗ ಬೇರೆ. ಅವುಗಳಲ್ಲಿ ಮೊದಲ 10 ತಾಸಿನ ಸುಮಾರಿಗೆ ಎಣ್ಣೆ ಬದಲಿಸಬೇಕು, ಬೆರೆಸುವ ಕೆಲಸವಿಲ್ಲ. ಟೂ-ಸ್ಟ್ರೋಕಿಗೆ ಬೆರೆಸಲೇಬೇಕು.

ಎಷ್ಟು? ಯಂತ್ರದ ಪುಸ್ತಕದಲ್ಲಿ 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಎಂ.ಎಲ್. 25ಕ್ಕೆ 1 ಎಂದಿದ್ದರೆ ಲೀಟರಿಗೆ 40 ಎಂ.ಎಲ್. ಕೆಲವು ತಯಾರಕರು ಹೊಸದರಲ್ಲಿ ಮಾತ್ರ ಹೆಚ್ಚು ಎಣ್ಣೆ ಹಾಕಲು ಹೇಳುತ್ತಾರೆ. ಕೆಲವರು ಮೊದಲಿನಿಂದ ಕೊನೆಯವರೆಗೆ ಒಂದೇ ಪ್ರಮಾಣ ಎನ್ನುತ್ತಾರೆ. ಪುಸ್ತಕ ಹೇಳಿದ್ದೇ ಅಂತಿಮ. ಪಕ್ಕದ ತೋಟದವರ ಅಳತೆ ಅವರ ಯಂತ್ರಕ್ಕೆ.

ಅಂದಾಜಿನಲ್ಲಿ ಸುರಿಯಬೇಡಿ. ಔಷಧಿ ಅಂಗಡಿಯಲ್ಲಿ 20 ಎಂ.ಎಲ್. ಸಿರಿಂಜು ಸಿಗುತ್ತದೆ. ಒಂದನ್ನು ಇದಕ್ಕೇ ಮೀಸಲಿಡಿ. ಟ್ಯಾಂಕಿನೊಳಗೆ ಬೆರೆಸಬೇಡಿ, ಬೇರೆ ಕ್ಯಾನಿನಲ್ಲಿ ಬೆರೆಸಿ. ಮೊದಲು ಅರ್ಧ ಪೆಟ್ರೋಲು, ಆಮೇಲೆ ಎಣ್ಣೆ. ಚೆನ್ನಾಗಿ ಕುಲುಕಿ. ಉಳಿದ ಪೆಟ್ರೋಲು ಹಾಕಿ ಮತ್ತೆ ಕುಲುಕಿ. ಬೀಡಿ, ಬೆಂಕಿ, ಒಲೆ ಎಲ್ಲ ದೂರವಿರಲಿ. ಎಣ್ಣೆ ಏರ್-ಕೂಲ್ಡ್ ಟೂ-ಸ್ಟ್ರೋಕಿಗೆಂದೇ ಇರುವುದಾಗಿರಲಿ. ಬೈಕಿನ ಎಂಜಿನ್ ಆಯಿಲ್ ಇಲ್ಲಿ ನಡೆಯದು.

ಹೆಚ್ಚು ಹಾಕಿದರೆ ಒಳ್ಳೆಯದೇ ಅಲ್ಲವೆ ಎಂದು ಬಹಳ ಜನ ಕೇಳುತ್ತಾರೆ. ಹಾಗಿಲ್ಲ. ಹೇಳಿದ್ದಕ್ಕಿಂತ ಹೆಚ್ಚು ಸುರಿದರೆ ಪ್ಲಗ್ಗು ಕಪ್ಪಾಗುತ್ತದೆ. ಸೈಲೆನ್ಸರಿನ ಬಾಯಲ್ಲಿ ಮಸಿ ಕಟ್ಟುತ್ತದೆ. ಇನ್ನೊಂದು ಸೂಕ್ಷ್ಮವೂ ಇದೆ. ಕಾರ್ಬೊರೇಟರಿನ ತೂತಿನಲ್ಲಿ ಹೋಗುವ ದ್ರವ ಇಷ್ಟೇ ಎಂದು ಗೊತ್ತಾಗಿರುತ್ತದೆ. ಅದರಲ್ಲಿ ಎಣ್ಣೆಯ ಪಾಲು ಹೆಚ್ಚಿದರೆ ಉರಿಯುವ ಪೆಟ್ರೋಲಿನ ಪಾಲು ತಗ್ಗುತ್ತದೆ.

ಅಂದರೆ, ಎಣ್ಣೆ ಅಳತೆಗೆ ಸರಿಯಾಗಿರಬೇಕು, ಬೇರೆ ಕ್ಯಾನಿನಲ್ಲಿ ಬೆರೆಯಬೇಕು. ಇಷ್ಟಾದ ಮೇಲೆ ಹಗ್ಗ ಎಳೆಯೋಣ. ಮೊದಲ ದಿನದ ಕೆಲಸ ಶುರು.

ಹೊಸ ಸಿಲಿಂಡರಿನ ಒಳಮೈ ನೋಡಲು ನುಣುಪಾಗಿರುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಅಲ್ಲಿ ಸಣ್ಣ ಸಣ್ಣ ಏರು ತಗ್ಗುಗಳಿವೆ. ಪಿಸ್ಟನ್ನಿನ ರಿಂಗಿನ ಅಂಚೂ ಹಾಗೇ. ಎರಡೂ ಒಂದಕ್ಕೊಂದು ಉಜ್ಜಿ, ಏರುಗಳು ಸವೆದು, ರಿಂಗು ಗೋಡೆಗೆ ಸುತ್ತಲೂ ಸರಿಯಾಗಿ ಕೂರಬೇಕು. ಆಗ ಉರಿದ ಗಾಳಿ ಕೆಳಗೆ ಸೋರುವುದಿಲ್ಲ. ಶಕ್ತಿ ಪೂರ್ತಿ ಸಿಗುತ್ತದೆ. ಎಂಜಿನ್ ನಿಮಿಷಕ್ಕೆ 6,000 ಸುತ್ತು ತಿರುಗಿದರೆ ಪಿಸ್ಟನ್ ಸೆಕೆಂಡಿಗೆ 100 ಸಲ ಮೇಲೆ ಕೆಳಗೆ ಓಡಾಡುತ್ತದೆ. ಈ ಉಜ್ಜಾಟ ಹದವಾಗಿ ನಡೆದರೆ ಹೊಂದಾಣಿಕೆ. ಅತಿಯಾಗಿ ಬಿಸಿಯೇರಿದರೆ ಅಲ್ಯೂಮಿನಿಯಂ ಪಿಸ್ಟನ್ ಹಿಗ್ಗಿ ಗೋಡೆಗೆ ಕಚ್ಚುತ್ತದೆ. ಅದನ್ನೇ ನಾವು ಸೀಜ್ ಆಯಿತು ಅನ್ನುವುದು. ರಿಪೇರಿ ಎಂದರೆ ಪಿಸ್ಟನ್, ರಿಂಗು, ಬಹಳ ಸಲ ಸಿಲಿಂಡರೂ ಹೊಸದು.

ಹೊಸ ಹೋರಿಗೆ ಮೊದಲ ದಿನವೇ ಯಾರೂ ತುಂಬಿದ ಗಾಡಿ ಕಟ್ಟುವುದಿಲ್ಲ. ಬರೀ ಕಟ್ಟಿಹಾಕಿದರೂ ಅದು ಪಳಗುವುದಿಲ್ಲ. ಎಂಜಿನ್ನಿಗೂ ಹಾಗೇ ಎರಡು ಕಡೆಯ ಎಚ್ಚರ ಬೇಕು.

ಒಂದು ಕಡೆ, ಫುಲ್ ರೇಸ್ ಬೇಡ. ಅದರಲ್ಲೂ ಭಾರವಿಲ್ಲದೆ, ಬ್ಲೇಡು ಗಾಳಿಯಲ್ಲಿ ತಿರುಗುತ್ತಿರುವಾಗ ಫುಲ್ ರೇಸ್ ಕೊಡಲೇಬೇಡಿ. ಮೊದಲ ಮೂರು ಟ್ಯಾಂಕು ಮುಗಿಯುವವರೆಗೆ ಹೀಗೆ ಓಡಿಸಬಾರದು ಎಂದು ದೊಡ್ಡ ತಯಾರಕರೇ ಬರೆಯುತ್ತಾರೆ. ನನ್ನನ್ನು ಕೇಳಿದರೆ ಮೊದಲ 10 ತಾಸು ಈ ಸಂಯಮ ಇರಲಿ. ಇನ್ನೊಂದು ಕಡೆ, ಬರೀ ಸ್ಲೋನಲ್ಲಿ ಗಂಟೆಗಟ್ಟಲೆ ಬಿಡುವುದೂ ತಪ್ಪು. ರಿಂಗನ್ನು ಗೋಡೆಗೆ ಒತ್ತಿ ಹಿಡಿಯುವುದು ಉರಿದ ಗಾಳಿಯ ಒತ್ತಡ. ಕೆಲಸದ ಭಾರ ಇಲ್ಲದಿದ್ದರೆ ಆ ಒತ್ತಡವೂ ಇಲ್ಲ. ರಿಂಗು ಕೂರುವುದಿಲ್ಲ, ಮಸಿ ಮಾತ್ರ ಕೂರುತ್ತದೆ.

ಹಾಗಾಗಿ ನಡುವಿನ ದಾರಿ. ಹೊಸ ಕಟರಿನಲ್ಲಿ ಮೊದಲು ಎಳೆಯ ಹುಲ್ಲು ಹೊಡೆಯಿರಿ. ಬಲಿತ ಪೊದೆ, ಜಾಲಿ, ಲಂಟಾನ ಆಮೇಲೆ ನೋಡೋಣ. ಅರ್ಧ ಮುಕ್ಕಾಲು ರೇಸಿನಲ್ಲಿ, ಒಂದೇ ವೇಗಕ್ಕೆ ಹಿಡಿದಿಡದೆ, ಏರಿಸುತ್ತ ಇಳಿಸುತ್ತ ಓಡಿಸಿ. ಒಂದು ಟ್ಯಾಂಕು ಮುಗಿದರೆ ಎಂಜಿನ್ ಪೂರ್ತಿ ತಣ್ಣಗಾಗಲಿ. ಕಾಯುವುದು, ಆರುವುದು, ಮತ್ತೆ ಕಾಯುವುದು. ಹೀಗೆ ಕೆಲವು ಸಲ ಆದ ಮೇಲೆ ಹಗ್ಗ ಎಳೆಯುವಾಗಲೇ ನಿಮಗೆ ವ್ಯತ್ಯಾಸ ಗೊತ್ತಾಗುತ್ತದೆ. ಕೈಗೆ ಸಿಗುವ ಒತ್ತು ಗಟ್ಟಿಯಾಗುತ್ತದೆ. ಸ್ಲೋ ಏರಿಳಿಯದೆ ಒಂದೇ ಸಮ ನಿಲ್ಲುತ್ತದೆ. ನಿಲ್ಲಿಸುವಾಗ ದಢಕ್ಕನೆ ಆಫ್ ಮಾಡದೆ ಒಂದು ನಿಮಿಷ ಸ್ಲೋನಲ್ಲಿ ಬಿಡಿ. ಫ್ಯಾನು ತಿರುಗುತ್ತ ಸಿಲಿಂಡರಿನ ಕಾವು ಇಳಿಸುತ್ತದೆ.

ಇಲ್ಲಿ ಸ್ವಲ್ಪ ಹೊರಗಿನ ಲೋಕಕ್ಕೆ ಹೋಗಿ ಬರೋಣ. ದೂರದಿಂದ ರೇಡಿಯೋ ಸಂಕೇತದಲ್ಲಿ ನಡೆಸುವ ಆಟದ ದೋಣಿಗಳಿವೆ. ಅವುಗಳಲ್ಲಿ ನೈಟ್ರೋ ಎಂಜಿನ್ ಎಂಬುದಿದೆ. ಸಾಮಾನ್ಯವಾಗಿ ಮೂರ್ನಾಲ್ಕು ಸಿ.ಸಿ. ನಮ್ಮ ಕಟರಿನ ಹತ್ತನೇ ಒಂದು ಭಾಗ. ಆದರೆ ನಿಮಿಷಕ್ಕೆ 20,000 ಸುತ್ತು ಮೀರಿ ತಿರುಗುತ್ತದೆ. ಅದಕ್ಕೆ ಪೆಟ್ರೋಲಿಲ್ಲ. ಮೆಥನಾಲು, ಸ್ವಲ್ಪ ನೈಟ್ರೋಮೀಥೇನು, ಜೊತೆಗೆ ಎಣ್ಣೆ. ಕಿಡಿ ಹೊಡೆಯುವ ಪ್ಲಗ್ಗೂ ಇಲ್ಲ. ಪ್ಲಾಟಿನಂ ಸೇರಿದ ಪುಟ್ಟ ತಂತಿಸುರುಳಿಯನ್ನು ಒಂದೂವರೆ ವೋಲ್ಟಿನಲ್ಲಿ ಕೆಂಪಗೆ ಕಾಯಿಸಿ ಶುರು ಮಾಡುತ್ತಾರೆ. ಆಮೇಲೆ ಬ್ಯಾಟರಿ ತೆಗೆದರೂ ಮೆಥನಾಲಿನ ಆವಿ ತಾಗಿ ಅದು ತಾನೇ ಕೆಂಪಾಗಿ ಉಳಿಯುತ್ತದೆ. ಸಿಲಿಂಡರಿನ ತಲೆಯನ್ನು ತಣಿಸಲು ದೋಣಿಯ ಅಡಿಯಿಂದ ನೀರು ಎತ್ತುತ್ತಾರೆ. ಆ ನೀರು ಪಕ್ಕದ ತೂತಿನಿಂದ ಹೊರಗೆ ಚಿಮ್ಮುತ್ತಿರಬೇಕು. ನಿಂತರೆ ಎಂಜಿನ್ನನ್ನೂ ನಿಲ್ಲಿಸಬೇಕು.

ಈ ಹವ್ಯಾಸದವರ ಶಿಸ್ತು ನಮಗೂ ಪಾಠ. ಮೊದಲ ಟ್ಯಾಂಕುಗಳನ್ನು ಅವರು ಇಂಧನ ಜಾಸ್ತಿ ಬಿಟ್ಟು, ಸ್ವಲ್ಪ ಸ್ವಲ್ಪ ಹೊತ್ತು ಓಡಿಸಿ, ನಡುನಡುವೆ ಆರಿಸುತ್ತಾರೆ. ಇಂಧನ ಬಿಡುವ ಸೂಜಿಯನ್ನು ಪ್ರತಿ ಸಲ ಕೂದಲಷ್ಟೇ ಬಿಗಿ ಮಾಡುತ್ತಾರೆ. ಆದರೆ ತೀರ ತಣ್ಣಗೂ ಓಡಿಸುವುದಿಲ್ಲ. ಆ ಸಿಲಿಂಡರು ತುದಿಯಲ್ಲಿ ತುಸು ಕಿರಿದಾಗಿದ್ದು, ಕಾದಾಗ ಹಿಗ್ಗಿ ಪಿಸ್ಟನ್ನಿಗೆ ಜಾಗ ಕೊಡುತ್ತದೆ. ತಣ್ಣಗಿದ್ದಾಗ ಪಿಸ್ಟನ್ ಅಲ್ಲಿ ಹಿಡಿದು ಸವೆಯುತ್ತದೆ.

ಆ ಎಂಜಿನ್ನಿನ ಎಣ್ಣೆಗಳಲ್ಲಿ ಹರಳೆಣ್ಣೆಗೆ ದೊಡ್ಡ ಹೆಸರು. ನಮ್ಮ ಬಯಲುಸೀಮೆಯ ಹೊಲಗಳಲ್ಲಿ ಬೆಳೆಯುವ ಅದೇ ಹರಳು. ಮೊದಲ ಮಹಾಯುದ್ಧದ ಕೆಲವು ವಿಮಾನಗಳ ಎಂಜಿನ್ನಿಗೂ ಹರಳೆಣ್ಣೆ ಹಾಕುತ್ತಿದ್ದರು. ಅತಿ ಕಾವಿನಲ್ಲೂ ಅದರ ಪದರ ಹರಿಯುವುದಿಲ್ಲ. ಇದನ್ನು ಕೇಳಿ ಮನೆಯ ಹರಳೆಣ್ಣೆಯನ್ನು ಕಟರಿಗೆ ಹಾಕಬೇಡಿ. ಮೆಥನಾಲಿನಲ್ಲಿ ಅದು ಕರಗುತ್ತದೆ, ಪೆಟ್ರೋಲಿನಲ್ಲಿ ಸರಿಯಾಗಿ ಬೆರೆತು ನಿಲ್ಲುವುದಿಲ್ಲ.

ಮತ್ತೆ ನಮ್ಮ ತೋಟಕ್ಕೆ ಬರೋಣ. ಎಣ್ಣೆ ಪೆಟ್ರೋಲಿನ ಜೊತೆ ಬರುತ್ತದೆ. ಮೊದಲ 10 ತಾಸು ನಡುವಿನ ವೇಗ, ಹಗುರ ಭಾರ. ಇದು ಆಯಿತು. ಇನ್ನುಳಿದದ್ದು ಹದ ಮಾಡುವುದು. ಕಿವಿಯ ಕೆಲಸ ಇಲ್ಲಿದೆ.

ಗಾಳಿಗೆ ಪೆಟ್ರೋಲು ಜಾಸ್ತಿಯಾದರೆ ಮೆಕ್ಯಾನಿಕರು ರಿಚ್ ಅನ್ನುತ್ತಾರೆ. ಕಡಿಮೆಯಾದರೆ ಲೀನ್. ರಿಚ್ ಆದ ಎಂಜಿನ್ ಗೊರಗೊರ ಎನ್ನುತ್ತದೆ. ಹೊಗೆ ಹೆಚ್ಚು. ಪ್ಲಗ್ಗು ತೆಗೆದರೆ ಕಪ್ಪಗೆ ಒದ್ದೆ. ಲೀನ್ ಆದ ಎಂಜಿನ್ನಿನ ದನಿ ಚೂಪು, ಕೀರಲು. ರೇಸ್ ಕೊಟ್ಟ ಕೂಡಲೇ ಒಮ್ಮೆ ಉಸಿರು ಕಟ್ಟಿದಂತಾಗಿ ಆಮೇಲೆ ಏರುತ್ತದೆ. ಕೈ ಬಿಟ್ಟರೂ ಬೇಗ ಇಳಿಯುವುದಿಲ್ಲ. ಪ್ಲಗ್ಗು ಬೆಳ್ಳಗೆ ಸುಟ್ಟಂತಿರುತ್ತದೆ. ಹದವಾಗಿದ್ದರೆ ಪ್ಲಗ್ಗಿನ ತುದಿ ತಿಳಿ ಕಂದು.

ಇವೆರಡರಲ್ಲಿ ಯಾವುದು ಕೆಟ್ಟದ್ದು? ರಿಚ್ ಆದರೆ ಪೆಟ್ರೋಲು ದಂಡ, ಮಸಿ, ಪ್ಲಗ್ಗು ಒರೆಸುವ ಕೆಲಸ. ಲೀನ್ ಆದರೆ ಎಂಜಿನ್ನೇ ಹೋಯಿತು. ಕಾವೂ ಏರುತ್ತದೆ, ಎಣ್ಣೆಯೂ ಇಳಿಯುತ್ತದೆ, ಎರಡೂ ಒಟ್ಟಿಗೆ. ಮೋಸವೆಂದರೆ ಲೀನ್ ಆಗುವ ಹೊತ್ತಿಗೆ ಎಂಜಿನ್ ತುಂಬ ಚುರುಕಾಗಿ ಕೇಳಿಸುತ್ತದೆ. ಪಿಕಪ್ ಬಂತು, ಪೆಟ್ರೋಲು ಉಳಿಯಿತು ಎಂದು ಖುಷಿಯಾಗುತ್ತದೆ. ಆ ಖುಷಿ ಕೆಲವೇ ಟ್ಯಾಂಕಿನದು.

ಕಾರ್ಬೊರೇಟರಿನಲ್ಲಿ ಸಾಮಾನ್ಯವಾಗಿ ಮೂರು ಸ್ಕ್ರೂ. ಎಲ್ ಎಂಬುದು ಸ್ಲೋನ ಪೆಟ್ರೋಲಿಗೆ. ಎಚ್ ಎಂಬುದು ಫುಲ್ ರೇಸಿನ ಪೆಟ್ರೋಲಿಗೆ. ಮೂರನೆಯದು ಸ್ಲೋನ ವೇಗಕ್ಕೆ. ಎಲ್ ಮತ್ತು ಎಚ್ ಅನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಪೆಟ್ರೋಲು ಕಡಿಮೆ. ಎದುರು ದಿಕ್ಕಿಗೆ ಹೆಚ್ಚು. ಕೆಲವು ಯಂತ್ರಗಳಲ್ಲಿ ಮೇಲೆ ಟೋಪಿ ಹಾಕಿ ಮಿತಿ ಕಟ್ಟಿರುತ್ತಾರೆ. ಅದನ್ನು ಒಡೆಯಬೇಡಿ.

ಸ್ಕ್ರೂಗೆ ಕೈ ಹಾಕುವ ಮೊದಲು ಏರ್ ಫಿಲ್ಟರ್ ತೊಳೆದಿರಬೇಕು. ಪ್ಲಗ್ಗು ಸರಿಯಿರಬೇಕು. ಪೆಟ್ರೋಲು ಹೊಸದಿರಬೇಕು. ಕಾರ್ಬೊರೇಟರಿನ ಬೋಲ್ಟು ಸಡಿಲವಿರಬಾರದು. ಸಡಿಲವಾದರೆ ಸಂದಿನಿಂದ ಗಾಳಿ ನುಗ್ಗಿ ಲೀನ್ ಆಗುತ್ತದೆ. ಸ್ಕ್ರೂ ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ. ನಾಲ್ಕೈದು ನಿಮಿಷ ಓಡಿಸಿ ಎಂಜಿನ್ ಕಾದ ಮೇಲೆ ಬಯಲಿನಲ್ಲಿಟ್ಟು ಶುರು ಮಾಡಿ. ಮಕ್ಕಳು ಹತ್ತಿರ ಬರದಿರಲಿ, ಬ್ಲೇಡಿಗೆ ಏನೂ ತಾಗದಿರಲಿ.

ಮೊದಲು ಎಲ್ ಸ್ಕ್ರೂ. ಮೆಲ್ಲಗೆ ಆಚೆ ಈಚೆ ತಿರುಗಿಸಿದಾಗ ಸ್ಲೋ ಎಲ್ಲಿ ಅತಿ ವೇಗವಾಗುತ್ತದೋ ಆ ಜಾಗ ಗುರುತಿಸಿ. ಅಲ್ಲಿಂದ ಪೆಟ್ರೋಲು ಹೆಚ್ಚುವ ಕಡೆಗೆ ಎಂಟನೇ ಒಂದು ಸುತ್ತು ಬಿಚ್ಚಿ. ಆಮೇಲೆ ಮೂರನೆಯ ಸ್ಕ್ರೂನಿಂದ ಸ್ಲೋ ಇಳಿಸಿ. ಬ್ಲೇಡು ನಿಲ್ಲಬೇಕು, ಎಂಜಿನ್ ನಿಲ್ಲಬಾರದು. ಕೊನೆಗೆ ಎಚ್. ಇದನ್ನು ಫುಲ್ ರೇಸಿನಲ್ಲಿ, ಒಮ್ಮೆಗೆ ಐದಾರು ಸೆಕೆಂಡು ಮಾತ್ರ. ದನಿ ಏರುತ್ತ ಏರುತ್ತ ಒಂದು ತುದಿ ಮುಟ್ಟುತ್ತದೆ. ಆ ತುದಿಯಲ್ಲಿ ನಿಲ್ಲಿಸಬೇಡಿ. ದನಿಯಲ್ಲಿ ಸಣ್ಣ ಒರಟು ಬರುವವರೆಗೆ ಹಿಂದಕ್ಕೆ ಬಿಚ್ಚಿ. ಭಾರವಿಲ್ಲದಾಗ ಆ ಒರಟು ಇರಲೇಬೇಕು. ಹುಲ್ಲಿಗೆ ಇಟ್ಟ ಕೂಡಲೇ ಅದು ಹೋಗಿ ದನಿ ನುಣುಪಾದರೆ ಹದ ಸಿಕ್ಕಿತು. ದೋಣಿಯವರೂ ಇದೇ ಕಾರಣಕ್ಕೆ ದಡದಲ್ಲಿ ಸ್ವಲ್ಪ ರಿಚ್ ಬಿಟ್ಟು, ನೀರಿಗಿಳಿಸಿ ಮತ್ತೆ ನೋಡುತ್ತಾರೆ.

ಒಮ್ಮೆ ಸಿಕ್ಕ ಹದ ಎಲ್ಲ ಕಾಲಕ್ಕೂ ನಿಲ್ಲುವುದಿಲ್ಲ. ಏಪ್ರಿಲ್ ಮಧ್ಯಾಹ್ನದ ಬಿಸಿಗಾಳಿ ತೆಳು. ಡಿಸೆಂಬರಿನ ಮುಂಜಾನೆಯ ಗಾಳಿ ದಟ್ಟ. ಬೇಸಿಗೆಯಲ್ಲಿ ಕೂರಿಸಿದ ಹದ ಚಳಿಗಾಲದಲ್ಲಿ ಲೀನ್ ಕಡೆಗೆ ಜಾರುತ್ತದೆ. ಜಗಳೂರು ಕಡೆಯವರಿಗೆ ದೂಳು ಇನ್ನೊಂದು ಕಾಟ. ಫಿಲ್ಟರ್ ಹರಿದಿದ್ದರೆ ದೂಳು ಒಳಗೆ ಹೋಗಿ ಸಿಲಿಂಡರನ್ನು ಉಜ್ಜಿ ಹಾಕುತ್ತದೆ. ಸಿಲಿಂಡರಿನ ರೆಕ್ಕೆಗಳ ನಡುವೆ ಹೊಟ್ಟು, ಕಸ ಸಿಕ್ಕಿದರೆ ಫ್ಯಾನಿನ ಗಾಳಿ ತಾಗುವುದೇ ಇಲ್ಲ. ದಿನದ ಕೆಲಸ ಮುಗಿದ ಮೇಲೆ ಒಂದು ಬ್ರಷ್ಷಿನಲ್ಲಿ ತೆಗೆಯಿರಿ. ಹೊನ್ನಾಳಿ, ಚನ್ನಗಿರಿಯ ನೀರಾವರಿ ಕಡೆ ಹಸಿ ಹುಲ್ಲಿನ ಚೂರು ಇದೇ ರೆಕ್ಕೆಗಳಿಗೆ ಅಂಟಿ ಒಣಗುತ್ತದೆ.

ಇನ್ನು ಪೆಟ್ರೋಲು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲಿನಷ್ಟು ಎಥನಾಲಿದೆ. ಅದನ್ನು ಕಬ್ಬಿನಿಂದ ತೆಗೆಯುತ್ತಾರೆ, ನಾವು ಬೆಳೆಯುವ ಮೆಕ್ಕೆಜೋಳದಿಂದಲೂ ತೆಗೆಯುತ್ತಾರೆ. ಎಥನಾಲಿನಲ್ಲೇ ಆಮ್ಲಜನಕ ಇರುವುದರಿಂದ ಹಳೆಯ ಹದ ತುಸು ಲೀನ್ ಆಗುತ್ತದೆ. ಅದು ಗಾಳಿಯ ತೇವವನ್ನೂ ಹೀರುತ್ತದೆ. ಹೆಚ್ಚು ನೀರು ಸೇರಿದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ಹಳೆಯ ರಬ್ಬರ್ ಪೈಪು ಉಬ್ಬುತ್ತದೆ, ಕಾರ್ಬೊರೇಟರಿನ ತೆಳು ಪೊರೆ ಗಡುಸಾಗುತ್ತದೆ. ಬೆರೆಸಿದ್ದನ್ನು ತಿಂಗಳೊಳಗೆ ಮುಗಿಸಿ. ಹಂಗಾಮು ಮುಗಿದು ಯಂತ್ರವನ್ನು ಅಟ್ಟಕ್ಕೇರಿಸುವ ಮುಂಚೆ ಟ್ಯಾಂಕು ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ.

ಕೊನೆಗೆ ಎರಡು ಕೋರಿಕೆ. ಸಬ್ಸಿಡಿಯಲ್ಲಿ ಯಂತ್ರ ಬರುತ್ತದೆ, ಅದರ ಜೊತೆ ಒಂದು ತಾಸಿನ ಪಾಠವೂ ಬರಬೇಕು. ಚನ್ನಗಿರಿಯ ತುಮ್ಕೋಸ್‌ನಂಥ ಬೆಳೆಗಾರರ ಸಹಕಾರ ಸಂಘಗಳು, ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರ ಮನಸ್ಸು ಮಾಡಿದರೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ನಾಲ್ಕೂ ತಾಲ್ಲೂಕಿನ ಯುವಕ ಯುವತಿಯರಿಗೆ ಈ ವಿದ್ಯೆ ಕಲಿಸಬಹುದು. ಓಡುತ್ತಿರುವ ಒಂದು ಯಂತ್ರ, ಒಂದು ಸ್ಕ್ರೂ ಡ್ರೈವರ್ ಇದ್ದರೆ ಸಾಕು.

ಎರಡನೆಯದು ನಿಮಗೆ. ಕೆಟ್ಟ ಯಂತ್ರ ಹೊತ್ತು ಹೋದಾಗ ಮೆಕ್ಯಾನಿಕ್ ಕೇಳುವ ಮೊದಲ ಮಾತು, ‘ಯಜಮಾನ್ರೆ, ಎಣ್ಣೆ ಎಷ್ಟು ಹಾಕಿದ್ರಿ?’ ಆ ಪ್ರಶ್ನೆಯನ್ನು ಕೊಳ್ಳುವ ದಿನವೇ ನೀವು ಅಂಗಡಿಯವರಿಗೆ ಕೇಳಿ. ನಿಮ್ಮೆದುರೇ ಯಂತ್ರ ಸ್ಟಾರ್ಟ್ ಮಾಡಿ ತೋರಿಸಲು ಹೇಳಿ. ಲೀಟರಿಗೆ ಎಷ್ಟು ಎಂ.ಎಲ್. ಎಂಬುದನ್ನು ಅಳಿಸದ ಪೆನ್ನಿನಲ್ಲಿ ಟ್ಯಾಂಕಿನ ಮೇಲೆಯೇ ಬರೆಸಿಕೊಳ್ಳಿ. ನಿಮ್ಮ ಯಂತ್ರವನ್ನು ನಾಳೆ ಕೂಲಿಯವರು ಹಿಡಿಯಬಹುದು, ಮಗ ಹಿಡಿಯಬಹುದು, ಪಕ್ಕದ ಹೊಲದವರು ಕೇಳಿ ಒಯ್ಯಬಹುದು. ಓದಿ ಹಾಕುವಂತಿರಲಿ.